ಶಾಲೆಯಲ್ಲಿ ಊಟ, ಆಟ, ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಆಹಾರ ಮತ್ತು ಆಟದ ಮಾತು ಬಂದಾಗ ಶಿಕ್ಷಕರು, ಪಾಲಕರು, ಆಡಳಿತ ಮಂಡಳಿಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಉತ್ತರಗಳ ಹಿಂದಿರುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಏನು ತಿನ್ನಬೇಕು, ಎಷ್ಟು ಓಡಾಡಬೇಕು ಎಂಬುದರ ಹೊಣೆಯನ್ನು ಎಂಟು ವರ್ಷದ ಮಗುವಿನ ಮನೋಬಲದ ಮೇಲೆ ಹೊರಿಸುವುದು ಅನ್ಯಾಯ. ವೇಳಾಪಟ್ಟಿ, ಅಡುಗೆಮನೆ, ಕ್ಯಾಂಟೀನ್, ಮೈದಾನ, ಕುಡಿಯುವ ನೀರು ಇವೆಲ್ಲ ಇರುವುದು ದೊಡ್ಡವರ ಕೈಯಲ್ಲಿ. ಆದ್ದರಿಂದ ಬದಲಾಗಬೇಕಾದದ್ದು ಮೊದಲು ಅವು.

ಮಕ್ಕಳ ಊಟ ಮತ್ತು ವ್ಯಾಯಾಮ ಮನೆಯವರ ಜವಾಬ್ದಾರಿಯಲ್ಲವೇ? ಶಾಲೆ ಏಕೆ ತಲೆಹಾಕಬೇಕು?

ಮನೆಯವರ ಜವಾಬ್ದಾರಿ ಹೌದು, ಅವರೊಬ್ಬರದೇ ಅಲ್ಲ. ಮಗು ಎಚ್ಚರವಾಗಿರುವ ಹೊತ್ತಿನ ದೊಡ್ಡ ಪಾಲು ಶಾಲೆಯಲ್ಲಿ ಕಳೆಯುತ್ತದೆ. ಅಷ್ಟು ಹೊತ್ತು ಅದು ಕುಳಿತಿರಬೇಕೋ ಓಡಾಡಬೇಕೋ, ಹಸಿವಾದಾಗ ಕೈಗೆ ಏನು ಸಿಗಬೇಕು ಎಂಬುದನ್ನು ಶಾಲೆಯೇ ತೀರ್ಮಾನಿಸುತ್ತದೆ. ಅಂದರೆ ಶಾಲೆ ಈಗಾಗಲೇ ತಲೆಹಾಕಿದೆ. ಒಳ್ಳೆಯ ರೀತಿಯಲ್ಲಿ ಹಾಕಿದೆಯೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಎಲ್ಲ ಮನೆಗಳ ಅಡುಗೆಮನೆ ಒಂದೇ ಥರ ಇರುವುದಿಲ್ಲ. ಆಡಲು ಅಂಗಳವಿರುವ ಮಗುವೂ ಇಕ್ಕಟ್ಟಾದ ಕೋಣೆಯಲ್ಲಿ ಬೆಳೆಯುವ ಮಗುವೂ ಒಂದೇ ಬೆಂಚಿನ ಮೇಲೆ ಕೂರುವ ಜಾಗ ಶಾಲೆ. ಇಲ್ಲಿ ಕೊಟ್ಟದ್ದು ಇಬ್ಬರಿಗೂ ಸಿಗುತ್ತದೆ. ಫಿನ್ಲೆಂಡ್ 1948ರಿಂದಲೂ ಎಲ್ಲ ಶಾಲಾ ಮಕ್ಕಳಿಗೆ ಉಚಿತ ಬಿಸಿಯೂಟ ಕೊಡುತ್ತಿದೆ. ಬಡ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸದೆ ಎಲ್ಲರಿಗೂ ಒಟ್ಟಿಗೆ ಬಡಿಸುವ ಪದ್ಧತಿಯಲ್ಲಿ ಯಾವ ಮಗುವೂ ತಲೆತಗ್ಗಿಸಬೇಕಾಗುವುದಿಲ್ಲ.

ಮಕ್ಕಳಿಗೆ ದಿನಕ್ಕೆ ಎಷ್ಟು ದೈಹಿಕ ಚಟುವಟಿಕೆ ಬೇಕು?

5ರಿಂದ 17 ವರ್ಷದವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ, ಮಧ್ಯಮದಿಂದ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ವಾರದಲ್ಲಿ ಕನಿಷ್ಠ ಮೂರು ದಿನ ಏದುಸಿರು ಬರುವಂಥ ಆಟವೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಜಿಗಿತ, ಹತ್ತುವಿಕೆ, ಎಳೆದಾಟಗಳೂ ಇರಬೇಕು. ಬೆಳೆಯುವ ವಯಸ್ಸಿನ ಮೂಳೆ ಭಾರ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಮೂಳೆಯ ಸಾಂದ್ರತೆಯ ಬಹುಪಾಲು ಹದಿಹರೆಯ ಮುಗಿಯುವಷ್ಟರಲ್ಲಿ ಕೂಡಿಬಿಡುವುದರಿಂದ ಈ ವರ್ಷಗಳಲ್ಲಿ ತಪ್ಪಿದ್ದನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ.

ವಾಸ್ತವ ಮಾತ್ರ ಕಳವಳಕಾರಿ. 146 ದೇಶಗಳ 2016ರವರೆಗಿನ ಮಾಹಿತಿಯನ್ನು ವಿಶ್ಲೇಷಿಸಿದಾಗ, 11ರಿಂದ 17 ವರ್ಷದ ವಿದ್ಯಾರ್ಥಿಗಳಲ್ಲಿ ಶೇ 81ರಷ್ಟು ಮಂದಿ ಈ ಮಟ್ಟ ತಲುಪಿರಲಿಲ್ಲ. ಐವರಲ್ಲಿ ನಾಲ್ವರು ಮಕ್ಕಳು ಹೀಗಿದ್ದಾಗ ಅದನ್ನು ಮಕ್ಕಳ ಸೋಮಾರಿತನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅರವತ್ತೂ ನಿಮಿಷ ಒಂದೇ ಸಲ ಆಗಬೇಕಿಲ್ಲ. ಶಾಲೆಗೆ ನಡೆದು ಬರುವ ಹೊತ್ತು, ಬಿಡುವಿನ ಆಟ, ದೈಹಿಕ ಶಿಕ್ಷಣದ ತರಗತಿ, ಸಂಜೆಯ ಓಟ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಅದರಲ್ಲಿ ಅರ್ಧದಷ್ಟಾದರೂ ಶಾಲೆಯ ಅವಧಿಯಲ್ಲೇ ಸಿಕ್ಕರೆ ಉಳಿದದ್ದು ಮನೆಗೆ ಹೊರೆಯಾಗುವುದಿಲ್ಲ.

ಆಟಕ್ಕೆ ಸಮಯ ಕೊಟ್ಟರೆ ಓದು ಹಿಂದೆ ಬೀಳುವುದಿಲ್ಲವೇ?

ಪರೀಕ್ಷೆ ಹತ್ತಿರವಾದಂತೆ ಮೊದಲು ಕತ್ತರಿ ಬೀಳುವುದು ಆಟದ ಅವಧಿಗೆ. ಈ ಭಯಕ್ಕೆ ಆಧಾರವಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 7ರಿಂದ 9 ವರ್ಷದ ಮಕ್ಕಳು ಒಂಬತ್ತು ತಿಂಗಳು ಶಾಲೆಯ ನಂತರ ಆಟದ ಕಾರ್ಯಕ್ರಮದಲ್ಲಿ ಪಾಲ್ಗೊಂಡರು. ಅವಕಾಶ ಸಿಗದೆ ಕಾದಿದ್ದ ಗುಂಪಿಗಿಂತ ಇವರ ದೇಹ ಸಾಮರ್ಥ್ಯ ಹೆಚ್ಚಿತು. ಜೊತೆಗೆ ಗಮನವನ್ನು ಹಿಡಿದಿಡುವ, ಬೇಡವಾದದ್ದನ್ನು ಬದಿಗಿಡುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಶಕ್ತಿಯೂ ಹೆಚ್ಚಿತು. ಗಣಿತಕ್ಕೂ ಓದಿಗೂ ಬೇಕಾಗುವುದು ಇವೇ ಶಕ್ತಿಗಳು.

ಬಯಲಿನ ಬೆಳಕಿನ ಲಾಭ ಇನ್ನೊಂದು. ಚೀನಾದ ಗುವಾಂಗ್‌ಝೌ ನಗರದ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಹೆಚ್ಚುವರಿಯಾಗಿ 40 ನಿಮಿಷ ಹೊರಗೆ ಚಟುವಟಿಕೆ ಮಾಡಿಸಿದಾಗ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳ ಪ್ರಮಾಣ ಶೇ 30ರಷ್ಟಿತ್ತು. ಹಾಗೆ ಮಾಡಿಸದ ಶಾಲೆಗಳಲ್ಲಿ ಅದು ಶೇ 40ರ ಸಮೀಪದಲ್ಲಿತ್ತು. ಕನ್ನಡಕದ ವಿಚಾರದಲ್ಲಿ ಚಿಂತಿಸುವ ಪಾಲಕರಿಗೆ ಈ ಮಾತು ಬೇಗ ಮನಮುಟ್ಟುತ್ತದೆ, ಸಭೆಗಳಲ್ಲಿ ತಪ್ಪದೆ ಹೇಳಿ.

ಗಲಾಟೆ ಮಾಡಿದ, ಮನೆಗೆಲಸ ಮುಗಿಸದ ಮಗುವಿಗೆ ಶಿಕ್ಷೆಯಾಗಿ ಬಿಡುವಿನ ಆಟ ತಪ್ಪಿಸಬಹುದೇ?

ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಇದನ್ನು ಸ್ಪಷ್ಟವಾಗಿ ವಿರೋಧಿಸಿದೆ. ಕುಳಿತಲ್ಲಿ ಕೂರಲಾಗದ ಮಗುವಿಗೇ ಓಡಾಟ ಎಲ್ಲರಿಗಿಂತ ಹೆಚ್ಚು ಬೇಕು. ಮೈದಾನ ಸುತ್ತಿಸುವುದು, ಬಸ್ಕಿ ಹೊಡೆಸುವುದು ಕೂಡ ಇಷ್ಟೇ ಕೆಟ್ಟದ್ದು. ವ್ಯಾಯಾಮವನ್ನು ಶಿಕ್ಷೆಯಾಗಿ ಕಂಡ ಮಗು ದೊಡ್ಡದಾದ ಮೇಲೆ ಅದರ ಹತ್ತಿರ ಸುಳಿಯುವುದಿಲ್ಲ.

ನಮ್ಮ ಶಾಲೆಗೆ ಮೈದಾನವಿಲ್ಲ, ದೈಹಿಕ ಶಿಕ್ಷಕರೂ ಇಲ್ಲ. ಏನು ಮಾಡುವುದು?

ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ನಗರದ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿ 2012ರಲ್ಲಿ ಸರಳವಾದ ಅಭ್ಯಾಸವೊಂದನ್ನು ಶುರುಮಾಡಿದರು. ಪ್ರತಿ ತರಗತಿಯೂ ದಿನಕ್ಕೊಮ್ಮೆ 15 ನಿಮಿಷ ಹೊರಗೆ ಹೋಗಿ ತನ್ನ ತನ್ನ ವೇಗದಲ್ಲಿ ಓಡುವುದು, ಸುಸ್ತಾದರೆ ನಡೆಯುವುದು. ಸ್ಪರ್ಧೆಯಿಲ್ಲ, ಸಮವಸ್ತ್ರ ಬದಲಿಸಬೇಕಿಲ್ಲ, ಸಲಕರಣೆ ಬೇಕಿಲ್ಲ. ‘ಡೈಲಿ ಮೈಲ್’ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹಬ್ಬಿತು. ಹಬ್ಬಿದ್ದಕ್ಕೆ ಕಾರಣ ಅದರ ಸರಳತೆ: ತರಗತಿಯ ಶಿಕ್ಷಕರೇ ನಡೆಸಬಹುದು, ಕಟ್ಟಡದ ಸುತ್ತ ಒಂದು ದಾರಿಯಿದ್ದರೆ ಸಾಕು.

ಅಷ್ಟೂ ಜಾಗವಿಲ್ಲದಿದ್ದರೆ ತರಗತಿಯೊಳಗೇ ಪಾಠದ ನಡುವೆ ಐದು ನಿಮಿಷ ಎದ್ದು ಜಿಗಿಯುವ, ಕೈಕಾಲು ಬೀಸುವ ಬಿಡುವು ಕೊಡಿ. ಮಗ್ಗಿಯನ್ನು ಹೆಜ್ಜೆ ಹಾಕುತ್ತಾ ಹೇಳಿಸಿ. ಹಗ್ಗ ಜಿಗಿಯಲು ಚಾಪೆಯಷ್ಟು ಜಾಗ ಸಾಕು. ಗೋಡೆ, ನೆಲದ ಮೇಲೆ ಬಣ್ಣದ ಗೆರೆಗಳನ್ನು ಎಳೆದರೆ ಮಕ್ಕಳು ತಾವೇ ಆಟ ಹುಟ್ಟಿಸಿಕೊಳ್ಳುತ್ತಾರೆ. ಬಿಸಿಲು ತೀವ್ರವಾಗಿರುವ ತಿಂಗಳುಗಳಲ್ಲಿ ಹೊರಾಂಗಣದ ಆಟವನ್ನು ಬೆಳಗಿನ ಮೊದಲ ಅವಧಿಗೆ ತನ್ನಿ, ನೆರಳು ಮತ್ತು ನೀರು ಪಕ್ಕದಲ್ಲೇ ಇರಲಿ.

ಚುರುಕಾದ ಕೆಲವರೇ ಆಡುತ್ತಾರೆ, ಉಳಿದವರು ಬದಿಯಲ್ಲಿ ನಿಲ್ಲುತ್ತಾರೆ. ಇದನ್ನು ಹೇಗೆ ಸರಿಪಡಿಸುವುದು?

ತಂಡ ಆರಿಸುವ ಅಧಿಕಾರವನ್ನು ಮಕ್ಕಳ ನಾಯಕರಿಗೆ ಕೊಡುವುದನ್ನು ಮೊದಲು ನಿಲ್ಲಿಸಿ. ಪ್ರತಿ ಸಲವೂ ಕೊನೆಯವರಾಗಿ ಉಳಿಯುವ ಮಗು ಕಲಿಯುವ ಪಾಠ ಒಂದೇ: ಆಟ ನನ್ನಂಥವರಿಗಲ್ಲ. ಔಟಾದವರು ಹೊರಗೆ ಕೂರಬೇಕಾದ ಆಟಗಳೂ ಹಾಗೆಯೇ. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಬೇಗ ಔಟಾಗಿ ಅರ್ಧ ಅವಧಿ ನೋಡುತ್ತಾ ಕೂರುತ್ತದೆ. ನಾಲ್ಕೈದು ಮಂದಿಯ ಸಣ್ಣ ಗುಂಪುಗಳು, ಗುಂಪಿಗೊಂದು ಚೆಂಡು, ನಿಲ್ಲದೆ ನಡೆಯುವ ಆಟ. ಇಷ್ಟು ಮಾಡಿದರೆ ಅದೇ ಅವಧಿಯಲ್ಲಿ ಮಕ್ಕಳು ಚಲಿಸುವ ಹೊತ್ತು ಹೆಚ್ಚುತ್ತದೆ.

ಶಾಲೆಯ ಹೆಮ್ಮೆಯೆಲ್ಲ ಪದಕ ತರುವ ಹತ್ತು ಮಕ್ಕಳ ಸುತ್ತಲೇ ತಿರುಗುತ್ತಿದ್ದರೆ ಉಳಿದ ಐನೂರು ಮಕ್ಕಳ ದೇಹದ ಬಗ್ಗೆ ಶಾಲೆ ಏನು ಮಾಡುತ್ತಿದೆ ಎಂದು ಕೇಳಲು ಹಿಂಜರಿಯಬೇಡಿ.

ಹೈಸ್ಕೂಲಿಗೆ ಬರುತ್ತಿದ್ದಂತೆ ಹೆಣ್ಣುಮಕ್ಕಳು ಆಟ ಬಿಡುತ್ತಾರೆ. ಏಕೆ?

ಮೇಲೆ ಹೇಳಿದ 146 ದೇಶಗಳ ಲೆಕ್ಕದಲ್ಲಿ ಸಾಕಷ್ಟು ಚಟುವಟಿಕೆಯಿಲ್ಲದ ಹುಡುಗರು ಶೇ 78, ಹುಡುಗಿಯರು ಶೇ 85. ಹುಡುಗಿಯರಿಗೆ ಆಸಕ್ತಿ ಕಡಿಮೆ ಎಂಬ ಸುಲಭದ ವಿವರಣೆಯನ್ನು ನಂಬಬೇಡಿ, ಅಡ್ಡಿಗಳನ್ನು ಒಂದೊಂದಾಗಿ ನೋಡಿ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯೇ? ಶೌಚಾಲಯದಲ್ಲಿ ನೀರು, ಚಿಲಕ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ ಇವೆಯೇ? ಓಡಲು ಆಗದಂಥ ಸಮವಸ್ತ್ರವನ್ನೇ ಆಟದ ದಿನವೂ ಹಾಕಿಸುತ್ತಿದ್ದೀರಾ? ಬಿಡುವಿನಲ್ಲಿ ಇಡೀ ಮೈದಾನವನ್ನು ಹುಡುಗರ ಚೆಂಡಾಟವೇ ಆವರಿಸುತ್ತದೆಯೇ? ನೋಡುತ್ತಾ ನಿಂತವರು ದೇಹದ ಬಗ್ಗೆ ಮಾತಾಡುತ್ತಾರೆಯೇ?

ಮೈದಾನದ ಒಂದು ಭಾಗವನ್ನು ಅಥವಾ ವಾರದ ಕೆಲವು ದಿನಗಳನ್ನು ಹುಡುಗಿಯರಿಗೆ ಮೀಸಲಿಡಿ. ಯಾವ ಆಟ ಬೇಕು ಎಂದು ಅವರನ್ನೇ ಕೇಳಿ. ಮುಟ್ಟಿನ ದಿನಗಳಲ್ಲಿ ಆಡಬಾರದು ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ನೋವಿದ್ದರೆ ವಿಶ್ರಾಂತಿ ಪಡೆಯುವ, ಆಡಬೇಕೆನಿಸಿದರೆ ಆಡುವ ಸ್ವಾತಂತ್ರ್ಯ ಎರಡೂ ಹುಡುಗಿಯದಾಗಿರಲಿ.

ಅಂಗವೈಕಲ್ಯ ಅಥವಾ ಆಸ್ತಮಾ ಇರುವ ಮಕ್ಕಳನ್ನು ಆಟದಿಂದ ಬಿಡುವುದೇ ಕ್ಷೇಮವಲ್ಲವೇ?

ಅಂಗವೈಕಲ್ಯವಿರುವ ಮಕ್ಕಳಿಗೂ ವಿಶ್ವ ಆರೋಗ್ಯ ಸಂಸ್ಥೆ ಅದೇ 60 ನಿಮಿಷವನ್ನು ಶಿಫಾರಸು ಮಾಡಿದೆ. ಅವರನ್ನು ಅಂಕ ಬರೆಯಲು ಕೂರಿಸುವುದು ಕಾಳಜಿಯಂತೆ ಕಂಡರೂ ಅದು ಹೊರಗಿಡುವುದೇ. ನಿಯಮ ಬದಲಿಸಿ, ಚೆಂಡಿನ ಗಾತ್ರ ಬದಲಿಸಿ, ದೂರ ಕಡಿಮೆ ಮಾಡಿ, ಸದ್ದು ಮಾಡುವ ಚೆಂಡು ತನ್ನಿ. ಆಸ್ತಮಾ ಹತೋಟಿಯಲ್ಲಿರುವ ಮಗು ಆಡಬಹುದು. ನಿಧಾನವಾಗಿ ಮೈ ಬಿಸಿಮಾಡಿಕೊಂಡು ಆರಂಭಿಸಲಿ, ಇನ್ಹೇಲರ್ ಕಚೇರಿಯ ಬೀಗ ಹಾಕಿದ ಕಪಾಟಿನಲ್ಲಿರದೆ ಮೈದಾನದಲ್ಲಿ ಕೈಗೆಟುಕುವಂತಿರಲಿ. ಹೃದಯದ ತೊಂದರೆ, ಮಧುಮೇಹ, ಅಪಸ್ಮಾರ ಇರುವ ಮಕ್ಕಳ ವಿಚಾರದಲ್ಲಿ ವೈದ್ಯರಿಂದ ಏನು ಮಾಡಬಹುದು, ಏನು ಬೇಡ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಶಾಲೆಯ ಊಟ ಹೇಗಿರಬೇಕು?

ಹೊಟ್ಟೆ ತುಂಬಿದರೆ ಸಾಲದು. ಧಾನ್ಯದಿಂದ ಶಕ್ತಿ ಸಿಗುತ್ತದೆ, ಬೆಳವಣಿಗೆಗೆ ಬೇಳೆಕಾಳು, ಹಾಲು, ಮೊಟ್ಟೆ, ಮೀನು ಅಥವಾ ಮಾಂಸದ ಪ್ರೋಟೀನ್ ಬೇಕು, ಸೊಪ್ಪು, ತರಕಾರಿ, ಹಣ್ಣುಗಳಿಂದ ವಿಟಮಿನ್, ಖನಿಜ, ನಾರು ಸಿಗುತ್ತವೆ. ತಟ್ಟೆಯಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದು ಈ ಮೂರು ಗುಂಪುಗಳಲ್ಲಿ ಕೊನೆಯ ಎರಡು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಶಿಫಾರಸಿನಂತೆ 6ರಿಂದ 9 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 350 ಗ್ರಾಂ, 10 ವರ್ಷ ದಾಟಿದವರಿಗೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು. ಒಂದು ಹೊತ್ತಿನ ಶಾಲೆಯ ಊಟ ಇದರ ಮೂರನೇ ಒಂದು ಭಾಗವನ್ನಾದರೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಉಪ್ಪು ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಅಡುಗೆಯಲ್ಲಿ ವಾರವಾರವೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರೆ ನಾಲಿಗೆಗೆ ಗೊತ್ತಾಗುವುದಿಲ್ಲ.

ಊಟದಷ್ಟೇ ಮುಖ್ಯವಾದದ್ದು ಊಟದ ಸಮಯ. ಸಾಲು, ಕೈತೊಳೆತ ಎಲ್ಲ ಮುಗಿದು ತಟ್ಟೆಯ ಮುಂದೆ ಕುಳಿತ ಮೇಲೆ ಇಪ್ಪತ್ತು ನಿಮಿಷವಾದರೂ ಸಿಗಬೇಕು. ಅವಸರ ಮಾಡಿದರೆ ಮಗು ರುಚಿಯಾದದ್ದನ್ನು ಮಾತ್ರ ನುಂಗಿ ತರಕಾರಿ ಬಿಟ್ಟು ಓಡುತ್ತದೆ. ಮೊದಲು ಆಟ, ಆಮೇಲೆ ಊಟ ಎಂದು ಕ್ರಮ ಬದಲಿಸಿ ನೋಡಿ. ಆಡಲು ಓಡುವ ತವಕ ಆಗ ಇರುವುದಿಲ್ಲ, ಹಸಿವೂ ಚೆನ್ನಾಗಿರುತ್ತದೆ. ಆಟ ಮುಗಿಸಿ ಬಂದವರಿಗೆ ಸೋಪು ಮತ್ತು ಹರಿಯುವ ನೀರು ಕಡ್ಡಾಯವಾಗಿ ಇರಲಿ.

ಕೆಲವರು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ. ಹೇಗೆ ಗುರುತಿಸುವುದು?

ಮೊದಲ ಎರಡು ಅವಧಿಗಳಲ್ಲಿ ತಲೆನೋವು, ಹೊಟ್ಟೆನೋವು, ಸಿಡುಕು, ತೂಕಡಿಕೆ ಪದೇ ಪದೇ ಕಂಡರೆ ಮೊದಲು ಹಸಿವನ್ನು ಅನುಮಾನಿಸಿ. ತರಗತಿಯೆದುರು ‘ಯಾರು ತಿಂದಿಲ್ಲ?’ ಎಂದು ಕೇಳಬೇಡಿ. ಹಸಿದ ಮಗು ಕೈ ಎತ್ತುವುದಿಲ್ಲ. ಸಾಧ್ಯವಾದರೆ ಎಲ್ಲರಿಗೂ ಬೆಳಗಿನ ಹೊತ್ತು ಹಣ್ಣು, ಹಾಲು ಅಥವಾ ಬೇಯಿಸಿದ ಕಾಳಿನಂಥ ಲಘು ಆಹಾರ ಕೊಡಿ.

ಮಕ್ಕಳು ತರಕಾರಿಯನ್ನು ಬಿಸಾಡುತ್ತಾರೆ. ಬಲವಂತ ಮಾಡಬೇಕೇ?

ಬಲವಂತದಿಂದ ದ್ವೇಷವೇ ಬೆಳೆಯುತ್ತದೆ. ಹೊಸ ರುಚಿಯನ್ನು ಒಪ್ಪಿಕೊಳ್ಳಲು ಅನೇಕ ಮಕ್ಕಳಿಗೆ ಹತ್ತು ಹದಿನೈದು ಸಲ ರುಚಿ ನೋಡುವ ಅವಕಾಶ ಬೇಕಾಗುತ್ತದೆ. ನಾವು ಎರಡು ಮೂರು ಸಲಕ್ಕೇ ‘ಇವನಿಗೆ ಇಷ್ಟವಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಒಂದು ತುತ್ತಿನಷ್ಟೇ ಬಡಿಸಿ, ತಿನ್ನದಿದ್ದರೆ ಸುಮ್ಮನಿರಿ, ಮುಂದಿನ ವಾರ ಮತ್ತೆ ಬಡಿಸಿ. ‘ಇದನ್ನು ತಿಂದರೆ ಸಿಹಿ ಕೊಡುತ್ತೇನೆ’ ಎಂಬ ಆಸೆ ತೋರಿಸಬೇಡಿ. ಅದರಿಂದ ತರಕಾರಿ ಸಹಿಸಿಕೊಳ್ಳಬೇಕಾದದ್ದು, ಸಿಹಿಯೇ ನಿಜವಾದ ಊಟ ಎಂದಾಗುತ್ತದೆ.

ಶಾಲೆಯ ಅಂಗಳದಲ್ಲಿ ಒಂದಿಷ್ಟು ಪಾತಿ ಮಾಡಿ ಸೊಪ್ಪು ಬೆಳೆಸಿದರೆ ತಾವು ನೀರೆರೆದದ್ದನ್ನು ತಿನ್ನಲು ಮಕ್ಕಳು ಹೆಚ್ಚು ಉತ್ಸಾಹ ತೋರುತ್ತಾರೆ. ಶಿಕ್ಷಕರು ಅದೇ ಪಂಕ್ತಿಯಲ್ಲಿ ಕುಳಿತು ಅದೇ ಊಟ ಮಾಡುವುದು ಇನ್ನೂ ಒಳ್ಳೆಯದು. ಅಡುಗೆಯ ಗುಣಮಟ್ಟವೂ ಆಗ ತಾನಾಗಿ ಸುಧಾರಿಸುತ್ತದೆ.

ಕ್ಯಾಂಟೀನಿನಲ್ಲಿ ಕರಿದ ತಿಂಡಿ, ತಂಪು ಪಾನೀಯ ಮಾರುವುದನ್ನು ನಿಲ್ಲಿಸಿದರೆ ಮಕ್ಕಳು ಗೇಟಿನ ಹೊರಗೆ ಕೊಳ್ಳುವುದಿಲ್ಲವೇ?

ಕೆಲವರು ಕೊಳ್ಳುತ್ತಾರೆ. ಆದರೂ ನಿಲ್ಲಿಸಬೇಕು. ವಿಜ್ಞಾನದ ತರಗತಿಯಲ್ಲಿ ಸಕ್ಕರೆಯ ಅಪಾಯ ಕಲಿಸಿ ಕೆಳಗಿನ ಮಹಡಿಯಲ್ಲಿ ಅದನ್ನೇ ಮಾರಿದರೆ ಮಗು ಯಾವುದನ್ನು ನಂಬಬೇಕು?

ಲೆಕ್ಕ ನೋಡಿ. ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯಂಥ ಮುಕ್ತ ಸಕ್ಕರೆಗಳ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. ದಿನಕ್ಕೆ 1,600 ಕಿಲೊಕ್ಯಾಲರಿ ಬೇಕಾಗುವ ಮಗುವಿಗೆ ಇದು 40 ಗ್ರಾಂ ಮತ್ತು 20 ಗ್ರಾಂ. 330 ಮಿಲಿಲೀಟರ್‌ನ ಒಂದು ಕೋಲಾದಲ್ಲೇ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಹಣ್ಣಿನ ರಸದಲ್ಲಿರುವುದೂ ಮುಕ್ತ ಸಕ್ಕರೆಯೇ, ಆದ್ದರಿಂದ ಹಣ್ಣನ್ನು ಹಣ್ಣಾಗಿಯೇ ಕೊಡಿ. ಕೆಫೀನ್ ತುಂಬಿದ ಎನರ್ಜಿ ಡ್ರಿಂಕ್‌ಗಳಿಗೆ ಶಾಲೆಯ ಆವರಣದಲ್ಲಿ ಜಾಗವೇ ಇರಬಾರದು.

ನಿಷೇಧವೊಂದೇ ಸಾಕಾಗದು. ಬದಲಿಗೆ ಇಟ್ಟದ್ದು ರುಚಿಯಾಗಿರಬೇಕು, ಅಗ್ಗವಾಗಿರಬೇಕು, ಕಣ್ಣಿಗೆ ಮೊದಲು ಬೀಳುವ ಕಡೆ ಇರಬೇಕು. ಕ್ಯಾಂಟೀನ್ ನಡೆಸುವವರನ್ನು ಶತ್ರುಗಳಂತೆ ಕಾಣದೆ ಅವರ ಆದಾಯದ ಚಿಂತೆಯನ್ನೂ ಕೇಳಿಸಿಕೊಂಡು ಹಂತ ಹಂತವಾಗಿ ಬದಲಿಸಿ.

ಬರಿಯ ನೀರಿನಿಂದ ಏನಾದೀತು?

ಬಹಳಷ್ಟು ಆಗುತ್ತದೆ. ಜರ್ಮನಿಯ ಡಾರ್ಟ್ಮಂಡ್ ಮತ್ತು ಎಸೆನ್ ನಗರಗಳ ಕೆಲವು ಪ್ರಾಥಮಿಕ ಶಾಲೆಗಳಲ್ಲಿ ನೀರಿನ ಕಾರಂಜಿಗಳನ್ನು ಕೂರಿಸಿ, ಮಕ್ಕಳಿಗೆ ಬಾಟಲಿ ಕೊಟ್ಟು, ನೀರಿನ ಬಗ್ಗೆ ನಾಲ್ಕು ಪಾಠ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ಶಾಲಾ ವರ್ಷದಲ್ಲಿ ಆ ಮಕ್ಕಳಲ್ಲಿ ಅತಿತೂಕದ ಅಪಾಯ ಇತರ ಶಾಲೆಗಳಿಗಿಂತ ಶೇ 31ರಷ್ಟು ಕಡಿಮೆಯಿತ್ತು. ಶುದ್ಧವಾದ ನೀರು, ಪಾಠದ ನಡುವೆಯೂ ಕುಡಿಯಲು ಅನುಮತಿ, ಬಳಸಲು ಹೇಸಿಗೆಯಾಗದ ಶೌಚಾಲಯ ಮೂರೂ ಒಟ್ಟಿಗೆ ಬೇಕು. ಶೌಚಾಲಯ ಕೊಳಕಾಗಿದ್ದರೆ ಮಕ್ಕಳು, ಅದರಲ್ಲೂ ಹುಡುಗಿಯರು, ನೀರು ಕುಡಿಯುವುದನ್ನೇ ಬಿಡುತ್ತಾರೆ.

ರಕ್ತಹೀನತೆ ಮತ್ತು ಜಂತುಹುಳುವಿನ ವಿಚಾರದಲ್ಲಿ ಶಾಲೆ ಏನು ಮಾಡಬಹುದು?

ಬೇಗ ದಣಿಯುವ, ಗಮನವಿಡಲಾಗದ ಮಗುವನ್ನು ಆಲಸಿ ಎನ್ನುವ ಮೊದಲು ರಕ್ತ ಪರೀಕ್ಷೆಗೆ ಸಲಹೆ ಕೊಡಿ. 100 ಮಿಲಿಲೀಟರ್ ರಕ್ತದಲ್ಲಿ ಹಿಮೊಗ್ಲೋಬಿನ್ 5ರಿಂದ 11 ವರ್ಷದವರಲ್ಲಿ 11.5 ಗ್ರಾಂಗಿಂತ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಾಳು ಸೊಪ್ಪುಗಳ ಕಬ್ಬಿಣಾಂಶ ಮೈಗೆ ಹಿಡಿಯಲು ಜೊತೆಯಲ್ಲಿ ವಿಟಮಿನ್ ಸಿ ಇರುವ ನಿಂಬೆ ಜಾತಿಯ ಹಣ್ಣು ನೆರವಾಗುತ್ತದೆ. ಊಟದ ಜೊತೆ ಕುಡಿಯುವ ಚಹಾ, ಕಾಫಿ ಅಡ್ಡಿಯಾಗುತ್ತವೆ. ಜಂತುಬಾಧೆ ಹೆಚ್ಚಿರುವ ಪ್ರದೇಶಗಳಲ್ಲಿ ವರ್ಷಕ್ಕೆ ಒಂದು ಅಥವಾ ಎರಡು ಸಲ ಔಷಧ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಕಬ್ಬಿಣಾಂಶದ ಮಾತ್ರೆಯಾಗಲಿ ಜಂತುಹುಳುವಿನ ಔಷಧವಾಗಲಿ ಆರೋಗ್ಯ ಇಲಾಖೆಯವರ ಮೂಲಕವೇ ನಡೆಯಲಿ.

ಮಕ್ಕಳ ತೂಕ ಅಳೆದು ದಪ್ಪಗಿರುವವರಿಗೆ ಎಚ್ಚರಿಕೆ ಕೊಡಬೇಕೇ?

ಅಳೆಯುವುದಾದರೆ ಪರದೆಯ ಹಿಂದೆ, ಒಬ್ಬೊಬ್ಬರನ್ನೇ, ಸಂಖ್ಯೆಯನ್ನು ಗಟ್ಟಿಯಾಗಿ ಕೂಗದೆ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಮಿತಿಗಳನ್ನು ಮಕ್ಕಳಿಗೆ ಅನ್ವಯಿಸಬಾರದು. 5ರಿಂದ 19 ವರ್ಷದವರಿಗೆ ವಯಸ್ಸು, ಲಿಂಗಕ್ಕೆ ತಕ್ಕ ಬೆಳವಣಿಗೆಯ ರೇಖೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದೆ. ಫಲಿತಾಂಶ ಪಾಲಕರಿಗೆ ಮಾತ್ರ ತಿಳಿಯಲಿ, ಮುಂದೇನು ಮಾಡಬಹುದು ಎಂಬ ಸಲಹೆಯೊಡನೆ. ಸಲಹೆ ಕೊಡಲು ಯಾರೂ ಇಲ್ಲದಿದ್ದರೆ ಅಳೆಯುವುದೇ ಬೇಡ.

ದೇಹದ ಬಗ್ಗೆ ಅಣಕಿಸಿಕೊಂಡ ಮಗು ಕದ್ದು ತಿನ್ನುತ್ತದೆ, ಇಲ್ಲವೇ ಊಟ ಬಿಡುತ್ತದೆ, ಆಟದಿಂದಂತೂ ದೂರವಾಗುತ್ತದೆ. ತೆಳ್ಳಗಿರುವ ಮಗುವನ್ನು ‘ಕಡ್ಡಿ’ ಎಂದು ಕರೆಯುವುದೂ ಇದೇ ಗಾಯ ಮಾಡುತ್ತದೆ. ಶಿಕ್ಷಕರ ಕೊಠಡಿಯಲ್ಲೂ ಇಂಥ ಮಾತು ನಿಲ್ಲಬೇಕು.

ಹದಿಹರೆಯದ ಹುಡುಗರು ಪ್ರೋಟೀನ್ ಪುಡಿ ಕೇಳುತ್ತಾರೆ. ಬೇಕೇ?

ಸಮತೋಲಿತ ಊಟ ಮಾಡುವ ವಿದ್ಯಾರ್ಥಿಗೆ ಬೇಡ. ಕಾಳು, ಹಾಲು, ಮೊಟ್ಟೆಗಳಿಂದ ಸಾಕಷ್ಟು ಸಿಗುತ್ತದೆ.

ನಿದ್ರೆಗೂ ಇದಕ್ಕೂ ಸಂಬಂಧವಿದೆಯೇ?

ಇದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ನಿದ್ರೆಗೆಟ್ಟ ಮಗುವಿಗೆ ಸಿಹಿ ಮತ್ತು ಕರಿದ ತಿಂಡಿಯ ಬಯಕೆ ಹೆಚ್ಚು, ಆಡುವ ಹುರುಪು ಕಡಿಮೆ. ರಾತ್ರಿ ಹನ್ನೊಂದರವರೆಗೆ ಎಚ್ಚರವಿರಬೇಕಾದಷ್ಟು ಮನೆಗೆಲಸ ಕೊಡುವ ಶಾಲೆ ಮೊಬೈಲನ್ನೊಂದೇ ದೂರಬಾರದು.

ತಿಂಡಿ ಕಂಪನಿಯೊಂದು ಕ್ರೀಡಾಕೂಟಕ್ಕೆ ಹಣ ಕೊಡಲು ಮುಂದೆ ಬಂದಿದೆ. ಒಪ್ಪಿಕೊಳ್ಳಬಹುದೇ?

ಒಪ್ಪಿಕೊಳ್ಳಬಾರದು ಎಂಬುದೇ ನನ್ನ ಉತ್ತರ. ಮಕ್ಕಳು ಸೇರುವ ಜಾಗಗಳು ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಆಹಾರದ ಎಲ್ಲ ಬಗೆಯ ಪ್ರಚಾರದಿಂದ ಮುಕ್ತವಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಗೆದ್ದ ಮಗುವಿನ ಕೊರಳಿನ ಪದಕದ ಮೇಲೆ ಆ ಕಂಪನಿಯ ಹೆಸರಿದ್ದರೆ ಅದು ಜಾಹೀರಾತೇ. ಸಣ್ಣ ಕ್ರೀಡಾಕೂಟ ಮಾಡಿ, ಪದಕದ ಬದಲು ಕಾಗದದ ಪತ್ರ ಕೊಡಿ.

ಎಲ್ಲವನ್ನೂ ಒಟ್ಟಿಗೆ ಮಾಡಲಾಗದು. ಎಲ್ಲಿಂದ ಆರಂಭಿಸುವುದು?

ಒಂದು ಸಮಿತಿ ಮಾಡಿ. ಅದರಲ್ಲಿ ಅಡುಗೆಯವರೂ ವಿದ್ಯಾರ್ಥಿಗಳೂ ಇರಲೇಬೇಕು. ಅವರನ್ನು ಬಿಟ್ಟು ಮಾಡಿದ ಯೋಜನೆಗಳು ಕಡತದಲ್ಲೇ ಉಳಿಯುತ್ತವೆ. ಮೊದಲ ವಾರ ಏನನ್ನೂ ಬದಲಿಸದೆ ಬರೆದಿಡಿ: ಎಷ್ಟು ಮಕ್ಕಳು ಊಟ ಬಿಡುತ್ತಾರೆ, ಎಷ್ಟು ಅನ್ನ ತರಕಾರಿ ಕಸದ ಬುಟ್ಟಿಗೆ ಹೋಗುತ್ತದೆ, ಬಿಡುವಿನಲ್ಲಿ ಎಷ್ಟು ಮಂದಿ ಆಡುತ್ತಾರೆ, ಎಷ್ಟು ಆಟದ ಅವಧಿಗಳು ಬೇರೆ ಪಾಠಕ್ಕೆ ಹೋದವು.

ಆಮೇಲೆ ಹಣ ಬೇಡದ ಎರಡು ಬದಲಾವಣೆಗಳನ್ನು ಆರಿಸಿಕೊಳ್ಳಿ. ಆಟದ ಅವಧಿಯನ್ನು ಯಾರೂ ಕಿತ್ತುಕೊಳ್ಳದಂತೆ ನಿಯಮ ಮಾಡುವುದು, ತರಗತಿಯಲ್ಲಿ ನೀರಿನ ಬಾಟಲಿಗೆ ಅನುಮತಿ ಕೊಡುವುದು ನನ್ನ ಆಯ್ಕೆ. ಮೂರು ತಿಂಗಳ ನಂತರ ಅದೇ ಲೆಕ್ಕವನ್ನು ಮತ್ತೆ ತೆಗೆಯಿರಿ. ಅಳೆಯಬೇಕಾದದ್ದು ಮಕ್ಕಳ ತೂಕವನ್ನಲ್ಲ, ಶಾಲೆಯ ಕೆಲಸವನ್ನು. ಲೆಕ್ಕವನ್ನು ಪಾಲಕರ ಸಭೆಯಲ್ಲಿ ಓದಿ ಹೇಳಿ, ಮುಂದಿನ ಬದಲಾವಣೆ ಯಾವುದಿರಬೇಕು ಎಂಬುದನ್ನು ಅಲ್ಲೇ ನಿರ್ಧರಿಸಿ.